ಕ್ರ್ಯಾಪಿ ಕಚ್ಚುತ್ತಿಲ್ಲವೇ? ಮೊದಲು ದೋಣಿಯ ವೇಗ ಇಳಿಸಿ

ಮಿಸಿಸಿಪ್ಪಿಯ ಗ್ರೆನಾಡಾ ಲೇಕ್‌ನಲ್ಲಿ ನೀರು 50 ಡಿಗ್ರಿ ಫ್ಯಾರನ್‌ಹೀಟ್, ಸೋನಾರ್‌ನಲ್ಲಿ (ನೀರೊಳಗಿನ ಮೀನು ತೋರಿಸುವ ಯಂತ್ರ) ಕ್ರ್ಯಾಪಿ ಅನ್ನೋ ಅಮೆರಿಕದ ಸಿಹಿನೀರಿನ ಮೀನು ಕಾಣುತ್ತಿದೆ, ನಾಲ್ಕು ಕೋಲು ಹಾಕಿ ಗಂಟೆಗೆ 0.8 ಮೈಲಿ ವೇಗದಲ್ಲಿ ಬೆಳಿಗ್ಗೆಯಿಂದ ಸುತ್ತಿದರೂ ಒಂದೂ ಕಚ್ಚಲಿಲ್ಲ ಅಂತ ಬರೆದಿದ್ದೀರಿ. ತಪ್ಪು ಆ 0.8ರಲ್ಲೇ ಇದೆ. ನಾನೂ ಮೊದಲ ವರ್ಷ ಗಾಳಿ ತಳ್ಳಿದ ಕಡೆಗೆ ದೋಣಿ ಬಿಟ್ಟು ಇಡೀ ಭಾನುವಾರ ಸುಮ್ನೆ ಕಳೆದಿದ್ದೆ.

ಇಷ್ಟು ತಣ್ಣನೆ ನೀರಿನಲ್ಲಿ ಕ್ರ್ಯಾಪಿ ಓಡಿ ಬಂದು ತಿನ್ನುವುದಿಲ್ಲ. ಗಾಳದ ಎರೆ ಬಾಯಿ ಹತ್ತಿರ ಬಂದು ನಿಂತರೆ ಮಾತ್ರ ತಿನ್ನುತ್ತದೆ. 0.2ರಿಂದ 0.3 ಮೈಲಿಗೆ ಇಳಿಸಿ, ಅಂದರೆ ಗಂಟೆಗೆ ಅರ್ಧ ಕಿಲೋಮೀಟರ್ ಕೂಡ ಆಗಬಾರದು. ಗಾಳಿಗೆ ಎದುರಾಗಿ ಹೋಗಿ, ಆಗ ಟ್ರೋಲಿಂಗ್ ಮೋಟರ್ (ದೋಣಿಯನ್ನು ಮೆಲ್ಲಗೆ ಸಾಗಿಸುವ ಸಣ್ಣ ವಿದ್ಯುತ್ ಮೋಟರ್) ನಿಮ್ಮ ಹಿಡಿತದಲ್ಲಿರುತ್ತದೆ. ಗಾಳಿ ಜಾಸ್ತಿ ಇದ್ದರೆ ಹಿಂದೆ ಒಂದು ಸರಪಳಿ ಇಳಿಬಿಡಿ. ವೇಗ ಸರಿಯಿದೆಯಾ ಅಂತ ದಾರ ನೋಡಿದರೇ ಗೊತ್ತಾಗುತ್ತದೆ. ನೆಟ್ಟಗೆ ಕೆಳಗಿಳಿದಿರಬೇಕು. ಹಿಂದಕ್ಕೆ ವಾಲಿದರೆ ಭಾರಕ್ಕೆ ಕಟ್ಟಿದ ಸೀಸ ಮೇಲೆದ್ದಿದೆ, ನೀವು ಅಂದುಕೊಂಡ ಆಳದಲ್ಲಿ ಗಾಳ ಇಲ್ಲ ಅಂತಲೇ ಅರ್ಥ.

ಕಟ್ಟುವ ರೀತಿ ಹೀಗೆ. ಮೂರು ಕಿವಿಯ ಸ್ವಿವೆಲ್‌ಗೆ (ದಾರ ಕಟ್ಟುವ, ತಿರುಗುವ ಪುಟ್ಟ ಕೊಂಡಿ) ಮೇಲಿನ ಗಾಳ. ಅಲ್ಲಿಂದ ಸುಮಾರು ಎರಡು ಅಡಿ ಕೆಳಗೆ ಅರ್ಧ ಔನ್ಸ್ ಸೀಸ, ಅದರ ಕೆಳಗೆ ಒಂದು ಅಡಿ ಬಿಟ್ಟು ಎರಡನೇ ಗಾಳ. ತೆಳು ತಂತಿಯ ಗಾಳವೇ ಇರಲಿ, ಮುಳುಗಿದ ಮರದ ಬುಡಕ್ಕೆ ಸಿಕ್ಕರೆ ಎಳೆದಾಗ ಬಾಗಿ ಬಿಡಿಸಿಕೊಳ್ಳುತ್ತದೆ. ಎರೆಗೆ ಮಿನ್ನೋ ಅನ್ನೋ ಜೀವಂತ ಪುಟ್ಟ ಮೀನನ್ನು ತುಟಿಗೆ ಚುಚ್ಚಿ, ಬೆನ್ನಿಗೆ ಬೇಡ. ಮುಂದಕ್ಕೆ ಎಳೆದಾಗ ಅದು ನೇರ ಈಜಬೇಕು ಅಲ್ವಾ?

ಇನ್ನೊಂದು ವಿಷಯ, ಸೋನಾರ್‌ನಲ್ಲಿ ಮೀನು ಎಂಟು ಅಡಿಯಲ್ಲಿದ್ದರೆ ಗಾಳ ಏಳರಲ್ಲಿರಲಿ. ಕ್ರ್ಯಾಪಿಯ ಕಣ್ಣು ಮೇಲ್ಮುಖ. ತಲೆಯ ಮೇಲಿನದ್ದನ್ನು ತಿನ್ನಲು ಏರುತ್ತದೆ, ಹೊಟ್ಟೆಯ ಕೆಳಗೆ ಹೋದದ್ದನ್ನು ತಿರುಗಿ ನೋಡುವುದೂ ಅಪರೂಪ.

ಅದಕ್ಕೇ ಕಚ್ಚಿದ ಗುರುತೂ ತಿರುಗಾಮುರುಗಾ. ಸೀಸದ ಭಾರಕ್ಕೆ ಕೋಲಿನ ತುದಿ ಸ್ವಲ್ಪ ಬಾಗಿರುತ್ತದೆ. ಮೀನು ಮಿನ್ನೋ ಬಾಯಿಗೆ ಹಾಕಿಕೊಂಡು ಮೇಲೆ ಬಂದರೆ ಭಾರ ಇಳಿದು ತುದಿ ಮೆಲ್ಲಗೆ ನೆಟ್ಟಗಾಗುತ್ತದೆ. ತುದಿ ಕೆಳಗೆ ಬಗ್ಗಲಿ ಅಂತ ಕಾಯುತ್ತಾ ಕೂತರೆ ಅರ್ಧ ಮೀನು ಹೋದಂತೆಯೇ. ಕೋಲನ್ನು ಸುಮ್ನೆ ಎತ್ತಿ, ಜಗ್ಗಬೇಡಿ. ಇದರ ಬಾಯಿ ಹಪ್ಪಳದ ಹಾಗೆ, ಹರಿದು ಹೋಗುತ್ತದೆ. ಕೈಜಾಲ ಪಕ್ಕದಲ್ಲೇ ಇರಲಿ.

ಜಾಗ? ಮುಖ್ಯ ಕೆರೆಯ ಆಳ ಬಿಟ್ಟು ಹಳ್ಳ ಸೇರುವ ಕಡೆಗೆ ಹೋಗಿ, ಹಳೇ ಹಳ್ಳದ ಪಾತ್ರದ ಅಂಚು ಹಿಡಿದು ಸಾಗಿ. ಮೊಟ್ಟೆ ಇಡುವುದು ನೀರು 60 ದಾಟಿದ ಮೇಲೆ, ಈಗ ಅವು ದಾರಿಯಲ್ಲಿ ಕಾಯುತ್ತಿವೆ. ನಸುಕಿನಲ್ಲೇ ಏಳುವ ನಮ್ಮ ಅಭ್ಯಾಸಕ್ಕೆ ಇಲ್ಲಿ ಬೆಲೆ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಬಿದ್ದ ಉತ್ತರ ದಡದ ಕಡೆ ನೋಡಿ, ಅಲ್ಲಿ ಒಂದೆರಡು ಡಿಗ್ರಿ ಹೆಚ್ಚಿದ್ದರೂ ಸಾಕು. ನೀರು ಕೆಂಪಗೆ ಕದಡಿದ್ದರೆ ಐದಾರು ಅಡಿಯಲ್ಲೂ ಸಿಗುತ್ತವೆ.

ಎಷ್ಟು ಕೋಲು ಹಾಕಬಹುದು, ಎಷ್ಟು ಇಂಚಿನ ಮೀನು ಇಟ್ಟುಕೊಳ್ಳಬಹುದು ಅನ್ನೋದು ಕೆರೆಯಿಂದ ಕೆರೆಗೆ ಬೇರೆ. ಹೊರಡುವ ಮೊದಲು ರಾಜ್ಯದ ನಿಯಮ ಓದಿಕೊಳ್ಳಿ. ಸಿಕ್ಕರೆ ರವಾ ಫ್ರೈ ಮಾಡಿ, ಕಾಣೆ ಮೀನಿನ ನೆನಪು ಸ್ವಲ್ಪ ತಣಿಯುತ್ತದೆ. ಮುಂದಿನ ಸಲ ಎಷ್ಟು ಅಡಿಯಲ್ಲಿ ಕಚ್ಚಿತು ಅಂತ ಇಲ್ಲೇ ಹಾಕಿ.