ಒಂದೇ ಫಿರಂಗಿಯ ಎಣ್ಣೆ ಹಡಗು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ 'ಬೆಂಗಾಲ್' ಯುದ್ಧನೌಕೆಯ ಬಗ್ಗೆ ಬರೆದಿದ್ದೀರಿ, ಖುಷಿಯಾಯಿತು. ನಮ್ಮ ಮನೆಯಲ್ಲೂ ನೌಕಾಪಡೆಯವರಿದ್ದಾರೆ. ಆದರೆ ಅರ್ಧ ಪುಟವನ್ನು ಡಚ್ಚರ ಎಣ್ಣೆ ಹಡಗಿಗೆ ಯಾಕೆ ಕೊಟ್ಟಿರಿ? ಕಾದಾಡಿದವರು ನಮ್ಮವರು. ಅದು ಸರಕು ಸಾಗಿಸುವ ಹಡಗು, ಅಷ್ಟೇ ಅಲ್ವಾ?
– ಓದುಗರೊಬ್ಬರು, ಕಾರವಾರ

ಸಂಪಾದಕರ ಉತ್ತರ:

ಇಷ್ಟು ಗಮನವಿಟ್ಟು ಓದುವವರು ಸಿಗುವುದೇ ಅಪರೂಪ. ಬೆಂಗಾಲ್ ಬಗ್ಗೆ ನಿಮಗಿರುವ ಹೆಮ್ಮೆ ನನಗೂ ಇದೆ. ರಾಯಲ್ ಇಂಡಿಯನ್ ನೇವಿಯ ಸುಮಾರು 650 ಟನ್ನಿನ ಪುಟ್ಟ ಹಡಗು ಅದು. 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದಲ್ಲಿ ಜಪಾನಿನ ಹೊಕೊಕು ಮಾರು, ಐಕೊಕು ಮಾರು ಎದುರಾದಾಗ ಹೆದರದೆ ನುಗ್ಗಿತು. ಅವು ಒಂದೊಂದೂ 10,000 ಟನ್ ದಾಟಿದ ಹಡಗುಗಳು.

ಆದರೆ 'ಸರಕು ಸಾಗಿಸುವ ಹಡಗು, ಅಷ್ಟೇ' ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಆ ಡಚ್ ಎಣ್ಣೆ ಹಡಗಿನ ಹೆಸರು ಒಂಡಿನಾ. ಬೆಂಗಾಲಿನ ಜೊತೆ, ಖಾಲಿ ಟ್ಯಾಂಕುಗಳೊಂದಿಗೆ, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪಕ್ಕೆ ಹೊರಟಿತ್ತು. ಅಧಿಕಾರಿಗಳು ಡಚ್ಚರು, ಕೆಳಗಿನ ಕೆಲಸಕ್ಕೆ ಚೀನೀಯರು. ಹಿಂಭಾಗದಲ್ಲಿ 4 ಇಂಚಿನ ಒಂದೇ ಒಂದು ಫಿರಂಗಿ. ಓಡಿ ತಪ್ಪಿಸಿಕೊಳ್ಳುವಷ್ಟು ವೇಗ ಇರಲಿಲ್ಲ. ಆ ಒಂದು ಫಿರಂಗಿಯಿಂದಲೇ ಹೊಡೆದರು. ಹೊಕೊಕು ಮಾರುಗೆ ಗುಂಡು ಬಿತ್ತು, ಬೆಂಕಿ ಎದ್ದಿತು, ಆಮೇಲೆ ಹಡಗೇ ಸಿಡಿದು ಮುಳುಗಿತು. ಆ ಗುಂಡು ನಮ್ಮದು ಅಂತ ಬೆಂಗಾಲಿನವರೂ ಹೇಳಿದರು, ಒಂಡಿನಾದವರೂ ಹೇಳಿದರು. ನನ್ನ ಓದು ಒಂಡಿನಾ ಕಡೆಗೇ ವಾಲುತ್ತದೆ. ಎರಡರಲ್ಲಿ ದೊಡ್ಡ ಫಿರಂಗಿ ಇದ್ದದ್ದು ಅದರಲ್ಲೇ.

ಬೆಂಗಾಲಿನ ಗುಂಡುಗಳು ಮುಗಿಯುತ್ತಾ ಬಂದವು, ಅದು ಹೊರಟುಹೋಯಿತು. ತಪ್ಪು ಅನ್ನುತ್ತಿಲ್ಲ. ಒಂಡಿನಾದ ಗುಂಡುಗಳೂ ಮುಗಿದವು. ಕ್ಯಾಪ್ಟನ್ ವಿಲ್ಲೆಮ್ ಹಾರ್ಸ್‌ಮನ್ ಹಡಗು ಬಿಡಿ ಎಂದು ಆಜ್ಞೆ ಕೊಟ್ಟರು, ಅಲ್ಲೇ ಸತ್ತರು. ಉಳಿದವರು ದೋಣಿಗಿಳಿದರು. ಐಕೊಕು ಮಾರು ಒಂಡಿನಾದ ಮೇಲೆ ಟಾರ್ಪಿಡೋ ಬಿಟ್ಟಿತು, ದೋಣಿಗಳ ಮೇಲೆ ಮೆಷಿನ್ ಗನ್ ಹಾರಿಸಿತು. ಇನ್ನು ಈ ಹಡಗು ಮುಳುಗಿದಂತೆಯೇ ಅಂದುಕೊಂಡು ಹೋಯಿತು.

ಮುಂದಿನದ್ದನ್ನು ಓದುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಆ ಜನ ದೋಣಿಯಿಂದ ವಾಪಸ್ ಹಡಗು ಹತ್ತಿದರು. ಹಡಗು ಸುಮಾರು 30 ಡಿಗ್ರಿ ಒಂದು ಪಕ್ಕಕ್ಕೆ ವಾಲಿತ್ತು. ಬೆಂಕಿ ಆರಿಸಿದರು. ಇನ್ನೊಂದು ಪಕ್ಕದ ಖಾಲಿ ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬಿಸಿ ಹಡಗನ್ನು ನೆಟ್ಟಗೆ ಮಾಡಿದರು. ಎಂಜಿನ್ ಇನ್ನೂ ಚೆನ್ನಾಗಿತ್ತು. ನವೆಂಬರ್ 18ರಂದು ಫ್ರೀಮ್ಯಾಂಟಲ್ ಮುಟ್ಟಿದರು. ಗಾಯಗೊಂಡ ಈ ಹಡಗನ್ನೂ ಸುಮ್ನೆ ಬಿಡಲಿಲ್ಲ. ಆಮೇಲೆ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ಅಮೆರಿಕದ ನೌಕಾಪಡೆಗೆ ಇಂಧನ ಕೊಡುತ್ತಾ ನಿಂತಿತ್ತು. 1959ರಲ್ಲಿ ಹಾಂಗ್‌ಕಾಂಗಿನಲ್ಲಿ ಒಡೆದು ಗುಜರಿಗೆ ಹಾಕಿದರು.

ಹಾರ್ಸ್‌ಮನ್ ಅವರಿಗೆ ಮರಣೋತ್ತರವಾಗಿ ನೆದರ್‌ಲ್ಯಾಂಡಿನ ದೊಡ್ಡ ಶೌರ್ಯ ಪದಕ ಬಂತು. ಸರಿ, ಬರಲೇಬೇಕಿತ್ತು. ಆ ಚೀನೀ ಕೆಲಸಗಾರರ ಹೆಸರು ಎಷ್ಟು ಜನರಿಗೆ ಗೊತ್ತು? ಬ್ರಿಟನ್ನಿನಲ್ಲಂತೂ 1941ರವರೆಗೆ, ವ್ಯಾಪಾರಿ ಹಡಗು ಮುಳುಗಿದ ದಿನವೇ ನಾವಿಕನ ಸಂಬಳ ನಿಲ್ಲುತ್ತಿತ್ತು. ನೀರಿನಲ್ಲಿ ತೇಲುತ್ತಿರುವವನಿಗೆ ಸಂಬಳ ಇಲ್ಲ! ಬ್ರಿಟಿಷರ ಹಡಗುಗಳಲ್ಲಿ ನಮ್ಮ ದೇಶದವರೂ ಸಾವಿರಾರು ಜನ ದುಡಿದರು. ಅವರನ್ನು ಲಸ್ಕರ್ ಅಂತ ಕರೆದರು, ಬಿಳಿಯರಿಗಿಂತ ತೀರಾ ಕಡಿಮೆ ಕೂಲಿ ಕೊಟ್ಟರು. ಆ ಯುದ್ಧದಲ್ಲಿ ಸತ್ತ ಭಾರತದ ವ್ಯಾಪಾರಿ ನಾವಿಕರು ಸುಮಾರು 6,000. ಅವರ ಹೆಸರಿನ ಸ್ಮಾರಕ ಮುಂಬೈಯಲ್ಲೇ ಇದೆ. ನಿಮ್ಮ ಮನೆಯ ನೌಕಾಪಡೆಯವರನ್ನು ಒಮ್ಮೆ ಕೇಳಿ ನೋಡಿ, ಅವರಾದರೂ ನೋಡಿರಬಹುದು.

ಹೊಡೆದವನಿಗೆ ಹಾರ, ಹೊತ್ತವನಿಗೆ ಏನೂ ಇಲ್ಲ. ಇದು ಸಮುದ್ರದ್ದೊಂದೇ ಕಥೆಯಲ್ಲ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಾತ್ರಿಯಿಡೀ ಸಿಕ್ಕಿಕೊಂಡಿದ್ದೆ. ನನ್ನ ಮುಂದೆ ಮಂಗಳೂರಿನಿಂದ ಪೆಟ್ರೋಲ್ ತುಂಬಿಕೊಂಡು ಹೊರಟಿದ್ದ ಟ್ಯಾಂಕರ್. ಕಾರಿನವರೆಲ್ಲ ಅದರ ಡ್ರೈವರಿಗೆ ಬೈದದ್ದೇ ಬೈದದ್ದು, ಗುಡ್ಡ ಅವನೇ ಕೆಡವಿದ ಹಾಗೆ. ಆತ ತಿರುಗಿ ಒಂದು ಮಾತಾಡಲಿಲ್ಲ. ಚಿಕ್ಕ ಸ್ಟೌ, ಪಾತ್ರೆ, ಅಕ್ಕಿ ಹಿಡಿದು ಮಳೆಯಲ್ಲೇ ಇನ್ನೂರು ಹೆಜ್ಜೆ ಆಚೆ ನಡೆದ. ಬೆಂಕಿ ಹಚ್ಚಬೇಕಾದರೆ ಗಾಡಿಯಿಂದ ಅಷ್ಟು ದೂರ ಹೋಗಲೇಬೇಕು ಸಾರ್ ಅಂದ. ಗೋಣಿಚೀಲ ಹೊದ್ದು ಅಲ್ಲೇ ಕೂತು ಅನ್ನ ಬೇಯಿಸಿದ. ಆಮೇಲೆ ನನ್ನನ್ನೂ ಊಟಕ್ಕೆ ಕರೆದ.