ನೀರಿಗೆ ಫ್ಲೋರೈಡ್ ಬೆರೆಸುವವರು ಯಾರು?

ಪ್ರಶ್ನೆ: ಮಾನ್ಯರೇ, ನಾವು ಯಲಹಂಕದಾಚೆಯ ಹೊಸ ಬಡಾವಣೆಯೊಂದರಲ್ಲಿ ವಾಸವಾಗಿದ್ದೇವೆ. ಸರ್ಕಾರ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿ ಮಕ್ಕಳ ಬುದ್ಧಿಯನ್ನು ಮಂದಗೊಳಿಸುತ್ತಿದೆ, ಅಮೆರಿಕದಲ್ಲಿ ಇದನ್ನು ನಿಷೇಧಿಸಿದ್ದಾರೆ ಎಂಬ ಸಂದೇಶ ನಮ್ಮ ವಾಟ್ಸ್‌ಆಪ್ ಗುಂಪಿನಲ್ಲಿ ಹರಿದಾಡುತ್ತಿದೆ. ಹಾಗಾಗಿ ಕಾವೇರಿ ಸಂಪರ್ಕ ಬೇಡ, ಬೋರ್‌ವೆಲ್ ನೀರೇ ಇರಲಿ ಎಂದು ಕೆಲವರು ಹೇಳುತ್ತಿದ್ದಾರೆ. ಪಾವಗಡದಲ್ಲಿ ಬೆಳೆದ ನನ್ನ ತಾಯಿಯ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ನನ್ನ ಮಗಳಿಗೆ ಐದು ವರ್ಷ. ನಾನು ಯಾವುದನ್ನು ನಂಬಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಆತಂಕ ಸಹಜವಾದದ್ದು, ಆದರೆ ಆ ಸಂದೇಶ ನಿಮ್ಮನ್ನು ಅಪಾಯವಿರುವ ಕಡೆಗೇ ತಳ್ಳುತ್ತಿದೆ. ಭಾರತದಲ್ಲಿ ಯಾವ ಸರ್ಕಾರವೂ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದಿಲ್ಲ. ಜಲಮಂಡಳಿ ಬೆರೆಸುವುದು ಕ್ಲೋರಿನ್. ಅದು ರೋಗಾಣುಗಳನ್ನು ಕೊಲ್ಲುವುದಕ್ಕಾಗಿ. ಈ ಎರಡು ಹೆಸರುಗಳು ಕಿವಿಗೆ ಒಂದೇ ತೆರನಾಗಿ ಕೇಳಿಸುವುದರಿಂದ ಗೊಂದಲ ಹೆಚ್ಚಿರಬಹುದೆಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಫ್ಲೋರೈಡ್ ಬರುವುದು ನೆಲದಡಿಯ ಬಂಡೆಯಿಂದ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಗಟ್ಟಿ ಶಿಲೆಗಳಲ್ಲಿರುವ ಕೆಲವು ಖನಿಜಗಳಲ್ಲಿ ಅದು ಅಡಗಿದೆ. ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಷ್ಟೂ, ಅದರ ಕ್ಷಾರಗುಣ ಹೆಚ್ಚಿ ಸುಣ್ಣದ ಅಂಶ ಕಡಿಮೆಯಾದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಕೆರೆ, ತೆರೆದ ಬಾವಿಗಳು ಬತ್ತಿ, ನಾವು ಸಾವಿರ ಅಡಿಗೂ ಕೆಳಗಿನ ಹಳೆಯ ನೀರನ್ನು ಎತ್ತಲು ತೊಡಗಿದ ಮೇಲೆ ಈ ತೊಂದರೆ ಇನ್ನಷ್ಟು ಬಿಗಡಾಯಿಸಿತು. ಇದಕ್ಕೆ ಹೋಲಿಸಿದರೆ, ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತರುವ ಕಾವೇರಿಯಂಥ ನದಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಬಹಳ ಕಡಿಮೆ. ಆದ್ದರಿಂದ ಫ್ಲೋರೈಡಿಗೆ ಹೆದರಿ ಕಾವೇರಿಯನ್ನು ಬಿಟ್ಟು ಬೋರ್‌ವೆಲ್ಲನ್ನು ಹಿಡಿಯುವುದು ಪೂರ್ತಿ ತಲೆಕೆಳಗಾದ ತೀರ್ಮಾನ.

ಅಮೆರಿಕದ ಚರ್ಚೆ ಬೇರೆಯೇ. ಅಲ್ಲಿ ಹಲ್ಲಿನ ಹುಳುಕು ತಡೆಯಲೆಂದು 1945ರಲ್ಲಿ ಗ್ರಾಂಡ್ ರಾಪಿಡ್ಸ್ ನಗರದ ನೀರಿಗೆ ಮೊದಲ ಬಾರಿ ಫ್ಲೋರೈಡ್ ಬೆರೆಸಲಾಯಿತು. ಈಗ ಅಲ್ಲಿ ಶಿಫಾರಸು ಮಾಡಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. 2025ರಲ್ಲಿ ಯೂಟಾ, ಅದರ ಬೆನ್ನಿಗೆ ಫ್ಲಾರಿಡಾ ರಾಜ್ಯಗಳು ಬೆರೆಸುವುದನ್ನು ನಿಷೇಧಿಸಿದ್ದು ನಿಜ, ಇಡೀ ದೇಶ ನಿಷೇಧಿಸಿದೆ ಎಂಬುದು ಸುಳ್ಳು. ಬುದ್ಧಿಶಕ್ತಿಯ ಮಾತಿಗೂ ಒಂದು ಆಧಾರವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ: ಅಲ್ಲಿನ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರ ವರದಿಯಲ್ಲಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಸೂಚ್ಯಂಕ ಕಡಿಮೆಯಿರುವುದಕ್ಕೂ ನಂಟಿದೆ ಎಂದು ಮಧ್ಯಮ ಮಟ್ಟದ ಖಚಿತತೆಯಿಂದ ಹೇಳಿತು, 0.7ರ ಪ್ರಮಾಣದ ಬಗ್ಗೆ ತೀರ್ಮಾನಕ್ಕೆ ಬರಲು ಮಾಹಿತಿ ಸಾಲದೆಂದೂ ಹೇಳಿತು. ಈ 1.5 ನಮಗೆ ಅಪರಿಚಿತ ಸಂಖ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ಅಷ್ಟೇ. ಭಾರತೀಯ ಮಾನಕವು 1 ಮಿಲಿಗ್ರಾಂ ಸಾಕೆಂದು, ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ ಆಗಬಹುದೆಂದು ಹೇಳುತ್ತದೆ. ಹಾಗಾಗಿ ಆ ವರದಿಯನ್ನು ಓದಿ ಎಚ್ಚರಗೊಳ್ಳಬೇಕಾದವರು ಕಾವೇರಿಯ ನಲ್ಲಿ ನೀರು ಕುಡಿಯುವವರಲ್ಲ, ಪರೀಕ್ಷೆ ಮಾಡಿಸದ ಬೋರ್‌ವೆಲ್ ನೀರನ್ನು ಕುಡಿಯುವವರು.

ನಿಮ್ಮ ತಾಯಿಯ ಹಲ್ಲಿನ ಪಟ್ಟೆಗಳಿಗೆ ಬಾಲ್ಯದಲ್ಲಿ ಕುಡಿದ ನೀರೇ ಕಾರಣವಿರಬಹುದು. ದಂತವೈದ್ಯರು ನೋಡಿ ಹೇಳಬಲ್ಲರು. ಫ್ಲೋರೈಡಿನ ಈ ಕಲೆ ವಂಶದಿಂದ ಬರುವುದಿಲ್ಲ. ಶಾಶ್ವತ ಹಲ್ಲುಗಳ ಹೊರಪದರ ಒಸಡಿನೊಳಗೆ ರೂಪುಗೊಳ್ಳುವ ಸುಮಾರು ಎಂಟು ವರ್ಷದವರೆಗೆ ಮಾತ್ರ ಅದು ಮೂಡುತ್ತದೆ, ಅಂದರೆ ನಿಮ್ಮ ಮಗಳ ವಯಸ್ಸು ಎಚ್ಚರ ವಹಿಸಬೇಕಾದ ವಯಸ್ಸೇ. ಇನ್ನೂ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಬಹುಕಾಲ ಕುಡಿದವರಲ್ಲಿ ಬೆನ್ನುಮೂಳೆ, ಕೀಲುಗಳು ಬಿಗಿದು ಬಾಗಲೂ ಆಗದಂತಾಗುತ್ತದೆ. ಈ ರೋಗವನ್ನು ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲಿಯೇ ಗುರುತಿಸಲಾಗಿತ್ತು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಇದನ್ನು ವಯಸ್ಸಾದವರ ಸೊಂಟನೋವೆಂದುಕೊಂಡು ಸುಮ್ಮನಾಗುವುದು ನನಗೆ ತುಂಬ ನೋವಿನ ಸಂಗತಿ.

ನಿಮ್ಮ ಬಡಾವಣೆಯ ಬೋರ್‌ವೆಲ್ ನೀರನ್ನೂ ಟ್ಯಾಂಕರ್ ನೀರನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಿ, ಆ ವರದಿಯನ್ನೇ ಗುಂಪಿನಲ್ಲಿ ಹಂಚಿಕೊಳ್ಳಿ. ಟ್ಯಾಂಕರ್ ನೀರು ಯಾವ ಬೋರ್‌ವೆಲ್ಲಿನದೆಂಬುದು ದಿನದಿಂದ ದಿನಕ್ಕೆ ಬದಲಾಗಬಹುದಾದ್ದರಿಂದ ಒಂದು ಸಲದ ಪರೀಕ್ಷೆಯಿಂದ ತೃಪ್ತರಾಗಬೇಡಿ. ಹಲವರು ಕುಡಿಯಲು ಕ್ಯಾನ್ ನೀರು ತರಿಸಿ, ಅನ್ನ, ಸಾರು, ಮುದ್ದೆಗೆ ಮಾತ್ರ ಬೋರ್‌ವೆಲ್ ನೀರನ್ನೇ ಬಳಸುತ್ತಾರೆ. ಅಡುಗೆಯ ನೀರಿನ ಫ್ಲೋರೈಡ್ ಕೂಡ ಮಗುವಿನ ಹೊಟ್ಟೆಗೇ ಹೋಗುತ್ತದೆ.

ಪ್ರಶ್ನೆ: ನೀರನ್ನು ಚೆನ್ನಾಗಿ ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ಮಕ್ಕಳಿಗೆ ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನೂ ನಿಲ್ಲಿಸಬೇಕೇ?
— ಮತ್ತೊಬ್ಬ ಓದುಗರು, ರಾಜಾಜಿನಗರ

ಉತ್ತರ: ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳೂ ಅದನ್ನು ತೆಗೆಯಲಾರವು. ಆರ್‌ಒ ಯಂತ್ರ ಬಹುಪಾಲು ತೆಗೆಯುತ್ತದೆ, ಆದರೆ ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಟೂತ್‌ಪೇಸ್ಟ್ ನಿಲ್ಲಿಸುವುದು ಬೇಡ, ಹುಳುಕು ತಡೆಯುವಲ್ಲಿ ಅದರ ಉಪಯೋಗ ದೃಢಪಟ್ಟಿದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಪೇಸ್ಟನ್ನು ನುಂಗದೆ ಉಗಿಯುವುದನ್ನು ಕಲಿಸಿ. ಅಲ್ಲಿಯವರೆಗೆ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತು ಹಲ್ಲುಜ್ಜಿಸಬೇಕು.