ಡಿಪಿಐ 72ಕ್ಕೆ ಇಳಿಸಿದರೂ ಫೋಟೋದ ಕೆಬಿ ಯಾಕೆ ಇಳಿಯುತ್ತಿಲ್ಲ?

ಬ್ಯಾಂಕ್ ಪರೀಕ್ಷೆಯ ಅರ್ಜಿಗೆ 200 × 230 ಪಿಕ್ಸೆಲ್, 20ರಿಂದ 50 ಕೆಬಿ ಫೋಟೋ ಬೇಕು, ಡಿಪಿಐ 300ರಿಂದ 72ಕ್ಕೆ ಇಳಿಸಿದರೂ ಫೈಲ್ 4 ಎಂಬಿ ಹಾಗೇ ಇದೆ ಅಂತ ಕೇಳಿದ್ದೀರಿ. ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಕೊನೆಯ ದಿನ ಫೋಟೋ ಅಪ್‌ಲೋಡ್ ಆಗದೆ ಕಣ್ಣಲ್ಲಿ ನೀರು ತಂದುಕೊಂಡವರನ್ನು ನೋಡಿದ್ದೇನೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಿಪಿಐ ಅನ್ನೋದು ಪ್ರಿಂಟರ್‌ಗೆ ಬರೆದಿಟ್ಟ ಒಂದು ಚೀಟಿ, ಅಷ್ಟೆ. ಒಂದು ಇಂಚಿನಲ್ಲಿ ಫೋಟೋದ ಎಷ್ಟು ಚುಕ್ಕೆ (ಅಂದರೆ ಪಿಕ್ಸೆಲ್) ಕೂರಿಸಬೇಕು ಅಂತ ಅದು ಹೇಳುತ್ತದೆ. 413 × 531 ಪಿಕ್ಸೆಲ್ ಫೋಟೋ 300 ಡಿಪಿಐನಲ್ಲಿ 3.5 × 4.5 ಸೆಂ.ಮೀ. ಬರುತ್ತದೆ, ನಮ್ಮ ಪಾಸ್‌ಪೋರ್ಟ್ ಸೈಜು. ಅದೇ ಫೈಲನ್ನು 72 ಡಿಪಿಐನಲ್ಲಿ ಪ್ರಿಂಟ್ ಮಾಡಿದರೆ ಸುಮಾರು 14.5 ಸೆಂ.ಮೀ. ಅಗಲ ಆಗುತ್ತದೆ. ಪಿಕ್ಸೆಲ್ ಮಾತ್ರ ಒಂದೂ ಕಡಿಮೆ ಆಗಿರುವುದಿಲ್ಲ. ಹಾಗಿದ್ದ ಮೇಲೆ ಕೆಬಿ ಹೇಗೆ ಇಳಿಯುತ್ತದೆ, ಅಲ್ವಾ? ನಿಮ್ಮ ಮೊಬೈಲ್ 12 ಮೆಗಾಪಿಕ್ಸೆಲ್‌ನದಾದರೆ ಫೋಟೋ ಸುಮಾರು 4000 × 3000 ಇರುತ್ತದೆ. ಇಳಿಸಬೇಕಾದ್ದು ಅದನ್ನು.

ಮೊದಲು ಕ್ರಾಪ್ ಮಾಡಿ (ಬೇಡದ ಅಂಚು ಕತ್ತರಿಸಿ), ಆಮೇಲೆ ರೀಸೈಜ್ (ಪಿಕ್ಸೆಲ್ ಇಳಿಸಿ). ಇದು ತಿರುಗುಮುರುಗಾದರೆ ಮುಖ ಚಪ್ಪಟೆಯಾಗುತ್ತದೆ. 200 × 230 ಅಂದರೆ ಅಗಲ, ಎತ್ತರ 20:23 ಅನುಪಾತದಲ್ಲಿರಬೇಕು. ನಾನು ಬಳಸುವುದು ಇರ್ಫಾನ್‌ವ್ಯೂ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್. ಮನೆ ಬಳಕೆಗೆ ಉಚಿತ. ಅದರಲ್ಲಿ ಶಿಫ್ಟ್ + ಸಿ ಒತ್ತಿ ಈ ಅನುಪಾತದಲ್ಲೇ ಚೌಕ ಹಾಕಬಹುದು. ಕಂಟ್ರೋಲ್ + ವೈ ಒತ್ತಿದರೆ ಕ್ರಾಪ್, ಕಂಟ್ರೋಲ್ + ಆರ್ ಒತ್ತಿದರೆ ರೀಸೈಜ್. ಅಲ್ಲಿ 200, 230 ಕೊಡಿ. ವಿಂಡೋಸ್‌ನ ಪೇಂಟ್‌ನಲ್ಲೂ ರೀಸೈಜ್ ಆಗುತ್ತದೆ, ಶೇಕಡಾ ಬಿಟ್ಟು ಪಿಕ್ಸೆಲ್ಸ್ ಆರಿಸಿಕೊಳ್ಳಬೇಕು.

ಇಲ್ಲೊಂದು ತೊಂದರೆ ಬರಬಹುದು. ಇಷ್ಟು ಚಿಕ್ಕದು ಮಾಡಿದ ಮೇಲೆ ಫೈಲ್ 20 ಕೆಬಿಗಿಂತ ಕೆಳಗೆ ಹೋಗಿ ಮತ್ತೆ ತಿರಸ್ಕಾರವಾಗುತ್ತದೆ. ಆಗ ಜೆಪಿಜಿ ಸೇವ್ ಮಾಡುವಾಗ ಕಾಣುವ ಕ್ವಾಲಿಟಿಯನ್ನು 95ರ ಆಸುಪಾಸಿಗೆ ಏರಿಸಿ ನೋಡಿ. ಫೈಲ್ 50 ಕೆಬಿ ದಾಟಿದರೆ ಕ್ವಾಲಿಟಿ ಸ್ವಲ್ಪ ಇಳಿಸಿ. ಪ್ರತಿ ಸಲವೂ ಮೂಲ ಫೋಟೋದಿಂದಲೇ ಶುರು ಮಾಡಿ. ಜೆಪಿಜಿಯನ್ನು ಮತ್ತೆ ಮತ್ತೆ ಸೇವ್ ಮಾಡಿದಷ್ಟೂ ಅದು ಕೆಡುತ್ತಾ ಹೋಗುತ್ತದೆ. ಚಿಕ್ಕದನ್ನು ದೊಡ್ಡದು ಮಾಡಿದರೆ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ, ಸುಮ್ನೆ ಮಸುಕಾಗುತ್ತದೆ.

ಮೊಬೈಲಿಂದ ಕಂಪ್ಯೂಟರಿಗೆ ಕೇಬಲ್‌ನಲ್ಲೇ ಹಾಕಿಕೊಳ್ಳಿ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ ಫೋಟೋ ಅಂತ ಬೇಡ, ಅದು ಕುಗ್ಗಿ ಕೆಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಸಹಿಗೂ ಇದೇ ದಾರಿ. ಸಾಮಾನ್ಯವಾಗಿ 140 × 60 ಪಿಕ್ಸೆಲ್, 10ರಿಂದ 20 ಕೆಬಿ ಕೇಳುತ್ತಾರೆ, ನಿಮ್ಮ ಅಧಿಸೂಚನೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಬಿಳಿ ಹಾಳೆಯ ಮೇಲೆ ಕಪ್ಪು ಇಂಕಿನಲ್ಲಿ ಸಹಿ ಮಾಡಿ, ಸುತ್ತಲಿನ ಖಾಲಿ ಜಾಗ ಪೂರ್ತಿ ಕ್ರಾಪ್ ಮಾಡಿ. ಇಲ್ಲದಿದ್ದರೆ ಅಷ್ಟು ಚಿಕ್ಕ ಚೌಕದಲ್ಲಿ ಸಹಿ ಇರುವೆಯಷ್ಟೇ ಕಾಣುತ್ತದೆ.